ಮೊದಲ ಸಲ ಮೋಡದ ಮೇಲೆ

ಬೆಂಗಳೂರಿನ ಪಶ್ಚಿಮದ ಬಡಾವಣೆಗಳಿಗೂ ವಿಮಾನಕ್ಕೂ ಇರುವ ನಂಟು ಸ್ವಲ್ಪ ವಿಚಿತ್ರವಾದದ್ದು. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ ಊರಿನ ಪೂರ್ವಕ್ಕೆ ವಿಮಾನ ಕಾರ್ಖಾನೆ ತೆರೆದರು. ಅದೇ ಮುಂದೆ ಹಿಂದೂಸ್ತಾನ್ ಏರೋನಾಟಿಕ್ಸ್, ಜನರ ಬಾಯಲ್ಲಿ ಎಚ್‌ಎಎಲ್ ಆಯಿತು. ಅದಕ್ಕೆ ದುಡಿದವರಲ್ಲಿ ಎಷ್ಟೋ ಮಂದಿ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಡೆಯವರು. ಕತ್ತಲೆ ಹರಿಯುವ ಮುನ್ನ ಊಟದ ಡಬ್ಬಿ ಹಿಡಿದು ಮೂಲೆಯಲ್ಲಿ ನಿಂತರೆ ಕಾರ್ಖಾನೆಯ ಬಸ್ಸು ಬಂದು ಅವರನ್ನು ಊರಿನ ಇನ್ನೊಂದು ತುದಿಗೆ ಕೊಂಡೊಯ್ಯುತ್ತಿತ್ತು. 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನ, 1961ರಲ್ಲಿ ಹಾರಿದ ಮಾರುತ್ ಯುದ್ಧವಿಮಾನ ಇಂಥವರ ಕೈಯಲ್ಲೇ ರೂಪುಗೊಂಡವು. ಆದರೆ ರೆಕ್ಕೆಗೆ ರಿವೆಟ್ ಹೊಡೆದ ಆ ಕೈಗಳಲ್ಲಿ ಬಹುಪಾಲು ವಿಮಾನದ ಟಿಕೆಟ್ ಹಿಡಿಯಲೇ ಇಲ್ಲ. ಸಂಬಳದವರಿಗೆ ತಿರುಪತಿಗೆ ಬಸ್ಸು, ಕಾಶಿಗೆ ರೈಲು. ವಿಮಾನವೇನಿದ್ದರೂ ಮಂತ್ರಿಗಳಿಗೆ, ಸಿನಿಮಾದವರಿಗೆ, ದೊಡ್ಡ ಕಂಪನಿಯ ಸಾಹೇಬರಿಗೆ.

ಈಗ ಅದೇ ಮನೆಗಳ ಹಿರಿಯರು ಅರವತ್ತು ಎಪ್ಪತ್ತರ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಏರುತ್ತಿದ್ದಾರೆ. ಮಗಳ ಬಾಣಂತನಕ್ಕೆ ಅಮೆರಿಕ, ಮೊಮ್ಮಗನ ಉಪನಯನಕ್ಕೆ ಪುಣೆ, ಮೊಣಕಾಲು ಕೈಕೊಟ್ಟ ಮೇಲೆ ಕಾಶಿಯಾತ್ರೆ. ಕಾರಣ ಏನೇ ಇರಲಿ, ಹೊರಡುವ ದಿನ ಹತ್ತಿರವಾದಂತೆ ಮನಸ್ಸಿನಲ್ಲಿ ಒಂದು ಅಳುಕು ಸುಳಿಯುತ್ತದೆ. ವಿಮಾನ ಬಿದ್ದೀತೆಂಬ ಭಯಕ್ಕಿಂತ, ಗೊತ್ತಿಲ್ಲದ ಜಾಗದಲ್ಲಿ ನಾಲ್ಕು ಜನರೆದುರು ಪೆದ್ದರಂತೆ ನಿಲ್ಲಬೇಕಾದೀತೆಂಬ ಸಂಕೋಚವೇ ಅದರಲ್ಲಿ ಹೆಚ್ಚು. ಮಕ್ಕಳನ್ನು ಕೇಳಿದರೆ 'ಅದರಲ್ಲೇನಿದೆ ಅಪ್ಪ, ಬಸ್ಸಿನ ಹಾಗೇ' ಎನ್ನುತ್ತಾರೆ. ಬಸ್ಸಿನ ಹಾಗೆ ಅದು ಖಂಡಿತ ಇಲ್ಲ. ಆದರೆ ಕಲಿಯಲಾರದಷ್ಟು ಕಷ್ಟದ್ದೂ ಅಲ್ಲ.

ಶ್ರೀಸಾಮಾನ್ಯನಿಗೆ ರೆಕ್ಕೆ

ಈ ಬದಲಾವಣೆಯ ಕಥೆಯಲ್ಲಿ ಹೇಮಾವತಿ ದಂಡೆಯ ಗೊರೂರಿಗೂ ಪಾಲಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ಬಂದು ಬರೆದ 'ಅಮೆರಿಕದಲ್ಲಿ ಗೊರೂರು' ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಳ್ಳಿಯ ಹಿರಿಯರೊಬ್ಬರು ಕಡಲಾಚೆ ಹೋಗುವುದು ಆಗ ಪುಸ್ತಕ ಬರೆಯುವಷ್ಟು ದೊಡ್ಡ ಸಂಗತಿ. ಅದೇ ಊರಿನ ಕ್ಯಾಪ್ಟನ್ ಗೋಪಿನಾಥ್ ಸೈನ್ಯ ಬಿಟ್ಟು ಬಂದು ರೇಷ್ಮೆ ಬೆಳೆದರು, 1997ರಲ್ಲಿ ಹೆಲಿಕಾಪ್ಟರ್ ಕಂಪನಿ ಕಟ್ಟಿದರು. 2003ರ ಆಗಸ್ಟ್‌ನಲ್ಲಿ ಅವರ ಏರ್ ಡೆಕ್ಕನ್ ವಿಮಾನ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿತು. ಊಟ ಉಪಚಾರಗಳನ್ನು ಕೈಬಿಟ್ಟು ದರ ಇಳಿಸಿದ ಆ ಕಂಪನಿ ಕೆಲವು ಸೀಟುಗಳನ್ನು ಒಂದು ರೂಪಾಯಿಗೂ ಮಾರಿ ದೇಶದ ಹುಬ್ಬೇರಿಸಿತು. ಮೈಸೂರಿನ ಆರ್. ಕೆ. ಲಕ್ಷ್ಮಣ್ ಅವರ ಚೌಕಳಿ ಕೋಟಿನ ಶ್ರೀಸಾಮಾನ್ಯನೇ ಅದರ ಲಾಂಛನ. 2008ರಲ್ಲಿ ಆ ಹೆಸರು ಕಿಂಗ್‌ಫಿಷರ್‌ನಲ್ಲಿ ಕರಗಿತು, 2012ರಲ್ಲಿ ಕಿಂಗ್‌ಫಿಷರ್ ಕೂಡ ನೆಲ ಹಿಡಿಯಿತು. ಆದರೆ ಅಗ್ಗದ ದರದ ದಾರಿ ಮುಚ್ಚಲಿಲ್ಲ. ನಂತರ 'ಉಡಾನ್' ಯೋಜನೆ ಬಂತು. 2019ರ ನವೆಂಬರ್‌ನಲ್ಲಿ ಕಲಬುರಗಿ, 2023ರಲ್ಲಿ ಶಿವಮೊಗ್ಗದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಬಾಗಿಲು ತೆರೆದವು. ರಾತ್ರಿ ಬಸ್ಸಿನಲ್ಲಿ ಸೊಂಟ ಮುರಿದುಕೊಂಡು ಹೋಗುತ್ತಿದ್ದ ದೂರ ಒಂದು ಗಂಟೆಗೆ ಇಳಿಯಿತು.

ಮದುವೆಗಿಂತ ದಿಬ್ಬಣ ದೊಡ್ಡದು

ಒಂದು ಗಂಟೆ ಎಂಬುದು ಆಕಾಶದ ಲೆಕ್ಕ. ನೆಲದ ಲೆಕ್ಕ ಬೇರೆ. 2008ರ ಮೇ 24ರಂದು ಎಚ್‌ಎಎಲ್‌ನಿಂದ ದೇವನಹಳ್ಳಿಗೆ ನಿಲ್ದಾಣ ಬದಲಾದ ಮೇಲೆ ಪಶ್ಚಿಮದವರ ಪಾಲಿಗೆ ವಿಮಾನ ಇನ್ನಷ್ಟು ದೂರವಾಯಿತು. ಮೆಜೆಸ್ಟಿಕ್‌ನಿಂದಲೇ ಅಲ್ಲಿಗೆ ಸುಮಾರು 35 ಕಿಲೋಮೀಟರ್. ಕೆಂಗೇರಿಯವರಂತೂ ನಾಯಂಡಹಳ್ಳಿ, ನಾಗರಬಾವಿ, ಸುಮನಹಳ್ಳಿ, ಲಗ್ಗೆರೆ, ಗೊರಗುಂಟೆಪಾಳ್ಯ ಎಂದು ಹೊರವರ್ತುಲ ರಸ್ತೆಯಲ್ಲಿ ಊರಿಗೇ ಅರ್ಧ ಪ್ರದಕ್ಷಿಣೆ ಹಾಕಿ ಹೆಬ್ಬಾಳ ಸೇರಬೇಕು. ಹುಬ್ಬಳ್ಳಿಯ ವಿಮಾನ ಹಿಡಿಯುವವರು ಗಾಳಿಯಲ್ಲಿ ಕಳೆಯುವ ಹೊತ್ತಿಗಿಂತ ಹೆಚ್ಚು ಹೊತ್ತನ್ನು ಹೆಬ್ಬಾಳದ ಸುತ್ತಮುತ್ತ ಕಳೆದರೆ ಆಶ್ಚರ್ಯವಿಲ್ಲ.

ಹಗಲಿನ ವಿಮಾನವಾದರೆ ಮೆಟ್ರೊ ಅನುಕೂಲ. ಕೆಂಗೇರಿ, ಅತ್ತಿಗುಪ್ಪೆ, ವಿಜಯನಗರದವರು ನೇರಳೆ ಮಾರ್ಗದಲ್ಲಿಯೂ ರಾಜಾಜಿನಗರ, ಮಹಾಲಕ್ಷ್ಮಿ ಬಡಾವಣೆಯವರು ಹಸಿರು ಮಾರ್ಗದಲ್ಲಿಯೂ ಮೆಜೆಸ್ಟಿಕ್ ತಲುಪಿ, ಅಲ್ಲಿಂದ ಬಿಎಂಟಿಸಿಯ 'ವಾಯು ವಜ್ರ' ಬಸ್ಸು ಹಿಡಿಯಬಹುದು. ಸಾಮಾನಿಗೆ ಜಾಗವಿರುವ ಈ ಬಸ್ಸಿನ ದರ ಟ್ಯಾಕ್ಸಿಯ ಹತ್ತಿರಕ್ಕೂ ಸುಳಿಯುವುದಿಲ್ಲ. ನಸುಕಿನ ವಿಮಾನಕ್ಕೆ ಮಾತ್ರ ಮೆಟ್ರೊ ಒದಗದು. ನಡುರಾತ್ರಿ ಎರಡಕ್ಕೇ ಎದ್ದು ದೇವರಿಗೆ ದೀಪ ಹಚ್ಚಿ ಟ್ಯಾಕ್ಸಿಯನ್ನೇ ಹತ್ತಬೇಕು.

ದೇಶದೊಳಗಿನ ಪ್ರಯಾಣಕ್ಕೆ ಎರಡು ಗಂಟೆ ಮೊದಲು, ವಿದೇಶಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕೆಂಬುದು ರೂಢಿ. ಸಾಮಾನು ಒಪ್ಪಿಸುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ವಿಮಾನ ಏರುವ ಬಾಗಿಲೂ ಹೊರಡುವ ಹೊತ್ತಿಗಿಂತ ಇಪ್ಪತ್ತು ಇಪ್ಪತ್ತೈದು ನಿಮಿಷ ಮುಂಚೆ ಮುಚ್ಚಿಬಿಡುತ್ತದೆ. 'ಸ್ವಲ್ಪ ತಾಳಪ್ಪ, ಇನ್ನೊಬ್ಬರು ಬರ್ತಿದಾರೆ' ಎಂದು ಕಂಡಕ್ಟರಿಗೆ ಹೇಳಿ ಬಸ್ಸು ನಿಲ್ಲಿಸಿದ ಅನುಭವ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಟಿಕೆಟ್ಟಿನಲ್ಲಿ ಯಾವ ಟರ್ಮಿನಲ್ ಎಂದು ಬರೆದಿರುತ್ತದೆ. ಇಲ್ಲಿ ಇರುವುದು ಎರಡು. ಎರಡನೆಯದು 2022ರ ನವೆಂಬರ್ 11ರಂದು ಉದ್ಘಾಟನೆಯಾದ, ಬಿದಿರು ಹೊದಿಸಿದ ಛಾವಣಿಯಿಂದ ಗಿಡಗಳ ಕುಂಡಗಳನ್ನು ಇಳಿಬಿಟ್ಟ ಟರ್ಮಿನಲ್. ಅದನ್ನು ನೋಡುತ್ತ ಮೈಮರೆತು ಕೌಂಟರ್ ತಪ್ಪಿಸಿಕೊಳ್ಳಬಾರದು. ಅದೇ ದಿನ ಅನಾವರಣಗೊಂಡ 108 ಅಡಿಯ ಕೆಂಪೇಗೌಡರ ಪ್ರತಿಮೆ ನಿಲ್ದಾಣದ ಆವರಣದಲ್ಲೇ ಇದೆ.

ಹೆಸರಿನ ಪೇಚು

ಬಾಗಿಲಲ್ಲಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಸಿಬ್ಬಂದಿ ಟಿಕೆಟ್ಟನ್ನೂ ಗುರುತಿನ ಚೀಟಿಯನ್ನೂ ನೋಡುತ್ತಾರೆ. ಎರಡರಲ್ಲೂ ಹೆಸರು ಒಂದೇ ಇರಬೇಕು. ಕನ್ನಡಿಗರ ಮೊದಲ ತೊಡಕು ಶುರುವಾಗುವುದು ಇಲ್ಲೇ. ಊರಿನ ಹೆಸರಿಗೊಂದು, ಅಪ್ಪನ ಹೆಸರಿಗೊಂದು ಅಕ್ಷರವನ್ನು ಹೆಸರಿನ ಹಿಂದೆ ಅಂಟಿಸಿಕೊಂಡು ಬದುಕಿದವರು ನಾವು. ಟಿಕೆಟ್ಟಿನ ನಮೂನೆಗೆ ಅದು ಅರ್ಥವಾಗದು. ಅದಕ್ಕೆ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಬೇಕೇ ಬೇಕು. ಹೀಗಾಗಿ 'ಎಚ್' ಎಂಬ ಅಕ್ಷರ ಬಿಡಿಸಿಕೊಂಡು ಹೊಳೆನರಸೀಪುರವಾಗುತ್ತದೆ. ಮೈಕಿನಲ್ಲಿ 'ಮಿಸ್ಟರ್ ಹೊಳೆನರಸೀಪುರ' ಎಂದು ಕೂಗಿದರೆ, ಯಾರೋ ನಮ್ಮೂರಿನವರೂ ಬಂದಿದ್ದಾರೆಂದು ಆ ಹಿರಿಯರೇ ಸುತ್ತ ನೋಡಬೇಕಾಗುತ್ತದೆ! ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' ಎಂದು ಬೀಳುತ್ತದೆ. 'ಮೊದಲ ಹೆಸರು ತಿಳಿಯದು' ಎಂದು ಅದರರ್ಥ. ಮೂವತ್ತು ವರ್ಷ ಹಾಜರಿ ಕೂಗಿ ಸಾವಿರಾರು ಮಕ್ಕಳ ಹೆಸರು ನೆನಪಿಟ್ಟ ಮೇಷ್ಟ್ರಿಗೆ ಇದಕ್ಕಿಂತ ಬೇಸರದ ಸಂಗತಿ ಬೇರೆ ಬೇಕೆ? ಟಿಕೆಟ್ ಕಾದಿರಿಸುವಾಗಲೇ ಗುರುತಿನ ಚೀಟಿ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ತಾಳೆ ನೋಡುವುದೊಂದೇ ಇದಕ್ಕೆ ಮದ್ದು.

ಮುಖ ತೋರಿಸಿಯೇ ಒಳಹೋಗುವ 'ಡಿಜಿಯಾತ್ರಾ' ವ್ಯವಸ್ಥೆ 2022ರ ಡಿಸೆಂಬರ್‌ನಲ್ಲಿ ಶುರುವಾದಾಗ ಮೊದಲ ಮೂರು ಊರುಗಳಲ್ಲಿ ಬೆಂಗಳೂರೂ ಒಂದು. ಅದು ಕಡ್ಡಾಯವಲ್ಲ. ಮೊಬೈಲಿನ ಗೋಜು ಬೇಡವೆನ್ನುವವರು ಮಾಮೂಲಿ ಸಾಲಿನಲ್ಲಿ ನಿಲ್ಲಬಹುದು.

ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಕಳಿಸಲು ಬಂದ ತಮ್ಮ, ನಾದಿನಿ, ಎದುರುಮನೆಯವರು ಎಲ್ಲರೂ ಬಾಗಿಲಲ್ಲೇ ನಿಲ್ಲಬೇಕು. ಅಲ್ಲಿಂದ ಮುಂದೆ ಒಬ್ಬರೇ. ಮೊದಲ ಸಲದವರ ಎದೆ ಢವಗುಟ್ಟುವುದು ರನ್‌ವೇಯಲ್ಲಿ ಅಲ್ಲ, ಈ ಗಾಜಿನ ಬಾಗಿಲಲ್ಲಿ. ಭಾಷೆಯ ಅಳುಕೂ ಸೇರಿಕೊಳ್ಳುತ್ತದೆ. ಪಹರೆಯವರು ಹೆಚ್ಚಾಗಿ ಹಿಂದಿಯಲ್ಲಿ ಮಾತನಾಡುತ್ತಾರೆ. ಫಲಕಗಳಲ್ಲಿ ಕನ್ನಡವಿದೆ, ಕೌಂಟರುಗಳಲ್ಲಿ ಕನ್ನಡ ಬಲ್ಲವರೂ ಸಿಗುತ್ತಾರೆ. 'ಇದು ಮೊದಲ ಸಲ, ಯಾವ ಕಡೆ ಹೋಗಬೇಕು?' ಎಂದು ಕನ್ನಡದಲ್ಲಿ ಕೇಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನಡೆಯಲು ಆಗದವರು ಗಾಲಿಕುರ್ಚಿ ಬೇಕೆಂದು ಟಿಕೆಟ್ ಕೊಳ್ಳುವಾಗಲೇ ತಿಳಿಸಬೇಕು. ಇಲ್ಲಿ ಬಾಗಿಲಿನಿಂದ ವಿಮಾನದವರೆಗಿನ ನಡಿಗೆ ಚಿಕ್ಕದಲ್ಲ.

ಕೊಬ್ಬರಿಗೆ ಪ್ರವೇಶವಿಲ್ಲ

ದೇಶದೊಳಗಿನ ಅಗ್ಗದ ಟಿಕೆಟ್ಟಿಗೆ ಸಾಮಾನ್ಯವಾಗಿ 15 ಕಿಲೋ ದೊಡ್ಡ ಸಾಮಾನು, ಕೈಯಲ್ಲಿ 7 ಕಿಲೋ. ಅದಕ್ಕಿಂತ ಹೆಚ್ಚಾದರೆ ಕಿಲೋ ಲೆಕ್ಕದಲ್ಲಿ ದುಡ್ಡು ತೆರಬೇಕು. ನಮ್ಮವರ ಚೀಲದ ತೂಕವಾದರೂ ಬಟ್ಟೆಯದ್ದಲ್ಲ. ಚಕ್ಕುಲಿ, ಕೋಡುಬಳೆ, ಹುಳಿಯನ್ನದ ಗೊಜ್ಜು, ಸಾರಿನ ಪುಡಿ, ಮಗಳಿಗೆ ಇಷ್ಟವೆಂದು ಹಾಕಿದ ಮಾವಿನ ಮಿಡಿ. ಮನೆಯಲ್ಲೇ ತೂಗಿ ನೋಡಿಕೊಂಡರೆ, ಕೌಂಟರಿನ ಮುಂದೆ ಚೀಲ ಬಿಚ್ಚಿ ಹರಡಿಕೊಂಡು ಕೂರುವ ಪೇಚಾಟ ತಪ್ಪುತ್ತದೆ.

ಒಣ ತಿಂಡಿಗಳಿಗೆ ಅಡ್ಡಿಯಿಲ್ಲ. ಉಪ್ಪಿನಕಾಯಿ, ತುಪ್ಪ, ಎಣ್ಣೆಯಂಥವನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಸೋರದಂತೆ ಭದ್ರ ಮಾಡಿ ದೊಡ್ಡ ಸಾಮಾನಿಗೆ ಹಾಕಬೇಕು, ಅದಕ್ಕೂ ಮಿತಿ ಎಷ್ಟೆಂದು ಕಂಪನಿಯವರನ್ನು ಮೊದಲೇ ಕೇಳಬೇಕು. ಚಾಕು, ಕತ್ತರಿಯೂ ಅಲ್ಲಿಗೇ. ಮೊಬೈಲಿಗೆ ಜೀವ ತುಂಬುವ ಪವರ್ ಬ್ಯಾಂಕ್ ಮಾತ್ರ ಇದಕ್ಕೆ ತದ್ವಿರುದ್ಧ, ಕೈಚೀಲದಲ್ಲೇ ಇರಬೇಕು. ದೇವರ ದೀಪಕ್ಕೆಂದು ಇಟ್ಟುಕೊಂಡ ಬೆಂಕಿಪೊಟ್ಟಣಕ್ಕೆ ಎಲ್ಲೂ ಜಾಗವಿಲ್ಲ.

ಬಹಳ ಜನ ಬೆರಗಾಗುವುದು ಕೊಬ್ಬರಿಯ ವಿಷಯದಲ್ಲಿ. ತಾಂಬೂಲಕ್ಕೂ ಕೊಬ್ಬರಿ, ಉಂಡೆಗೂ ಕೊಬ್ಬರಿ ಎನ್ನುವ ತಿಪಟೂರು ಸೀಮೆಯವರಿಗಂತೂ ಇದು ನಂಬಲಾಗದ ಮಾತು. ಎಣ್ಣೆಯ ಅಂಶ ಹೆಚ್ಚಿರುವ ಒಣಕೊಬ್ಬರಿ ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಹುದೆಂದು, ಅದನ್ನು ವಿಮಾನದ ಸಾಮಾನಿನಲ್ಲಿ ನಿಷೇಧಿಸಿದ್ದಾರೆ. ಅಮೆರಿಕಕ್ಕೆ ಹೋಗುವವರು ತಾಜಾ ಕರಿಬೇವನ್ನೂ ಮರೆಯಬೇಕು. ನಿಂಬೆ ಜಾತಿಯ ಗಿಡಗಳಿಗೆ ರೋಗ ತರುವ ಕೀಟ ಅದರ ಜೊತೆ ಬಂದೀತೆಂದು ಅಲ್ಲಿನವರು ಅದನ್ನು ಒಳಗೆ ಬಿಡುವುದಿಲ್ಲ. ಚೀಲದಲ್ಲಿ ತಿನ್ನುವ ಪದಾರ್ಥವಿದ್ದರೆ ಅಲ್ಲಿ ಇಳಿದ ಮೇಲೆ ಇದೆ ಎಂದೇ ಹೇಳಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ.

ತಪಾಸಣೆಯಲ್ಲಿ ಕೈಚೀಲ, ಮೊಬೈಲು, ನಾಣ್ಯ, ಸೊಂಟಪಟ್ಟಿ ಎಲ್ಲವೂ ತಟ್ಟೆಗೆ ಹೋಗುತ್ತವೆ. ಹೆಂಗಸರಿಗೆ ಬೇರೆ ಸಾಲು, ಪರದೆ ಕಟ್ಟಿದ ಮರೆಯಲ್ಲಿ ಮಹಿಳಾ ಸಿಬ್ಬಂದಿಯೇ ನೋಡುತ್ತಾರೆ. ಉಡಿದಾರಕ್ಕೆ ಕಟ್ಟಿದ ತಾಯತ ಯಂತ್ರದಲ್ಲಿ ಪೀ ಎಂದರೆ ಗಾಬರಿ ಬೇಡ, ಅಂಥವನ್ನು ಅವರು ದಿನವೂ ನೋಡುತ್ತಾರೆ. ಎದೆಯಲ್ಲಿ ಪೇಸ್‌ಮೇಕರ್, ಮೊಣಕಾಲಿನಲ್ಲಿ ಲೋಹದ ಕೀಲು ಇರುವವರು ಮೊದಲೇ ತಿಳಿಸಬೇಕು. ವೈದ್ಯರ ಚೀಟಿ ಜೊತೆಗಿದ್ದರೆ ಒಳ್ಳೆಯದು. ದಿನದ ಮಾತ್ರೆಗಳು ಯಾವಾಗಲೂ ಕೈಚೀಲದಲ್ಲೇ ಇರಲಿ. ಅಲ್ಲಿಂದ ಮುಂದೆ ತಮ್ಮ ಗೇಟಿನ ಸಂಖ್ಯೆ ಹುಡುಕಿ ಕುಳಿತು, ಯಾರೋ ಕೂಗಿ ಕರೆಯುತ್ತಾರೆಂದು ಕಾಯದೆ ಫಲಕದ ಮೇಲೆ ಕಣ್ಣಿಟ್ಟಿರಬೇಕು. ಗೇಟು ಬದಲಾಗುವುದೂ ಉಂಟು.

ಮುಳ್ಳಯ್ಯನಗಿರಿಯ ಗಾಳಿ

ಒಳಗೆ ಕಾಲಿಟ್ಟವರಿಗೆ ಮೊದಲು ಅನ್ನಿಸುವುದು, 'ಇಷ್ಟೇನಾ?' ಎಂದು. ಸಿನಿಮಾದಲ್ಲಿ ಕಂಡಷ್ಟು ವಿಶಾಲವಿಲ್ಲ. ಮಧ್ಯೆ ಓಣಿ, ಆಚೆ ಮೂರು ಈಚೆ ಮೂರು ಸೀಟು. ಸೀಟಿನ ಸಂಖ್ಯೆಯ ಜೊತೆಗಿರುವ ಇಂಗ್ಲಿಷ್ ಅಕ್ಷರಗಳಲ್ಲಿ ಮೊದಲನೆಯದೂ ಕೊನೆಯದೂ ಕಿಟಕಿಯವು. ಟವೆಲ್ ಹಾಕಿ ಸೀಟು ಹಿಡಿಯುವ ಪದ್ಧತಿ ಇಲ್ಲಿಲ್ಲ. ಬೆಲ್ಟಿನ ಕೊಂಡಿಯನ್ನು ಸಿಕ್ಕಿಸುವುದು ಸುಲಭ, ಬಿಚ್ಚುವಾಗ ಮೇಲಿನ ಪಟ್ಟಿಯನ್ನು ಎತ್ತಬೇಕು. ಗಗನಸಖಿಯರು ಆಮ್ಲಜನಕದ ಮುಖವಾಡ, ತೇಲುವ ಅಂಗಿ ತೋರಿಸುತ್ತಾರೆ. ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ ಯಾವ ಸಮುದ್ರವೆಂದು ನಗು ಬಂದರೂ ಒಮ್ಮೆ ಗಮನವಿಟ್ಟು ನೋಡುವುದು ಲೇಸು. ಅನುಭವಸ್ಥರು ನೋಡುವುದಿಲ್ಲವೆಂದು ಹೊಸಬರೂ ನೋಡದಿರಬೇಕಿಲ್ಲ.

ವಿಮಾನ ಮೆಲ್ಲಗೆ ತೆವಳಿ ರನ್‌ವೇಯ ತುದಿಗೆ ಬಂದು ಒಂದು ಗಳಿಗೆ ನಿಲ್ಲುತ್ತದೆ. ಆಮೇಲೆ ಎಂಜಿನ್ನುಗಳು ಒಮ್ಮೆಲೇ ಮೊರೆದು, ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತದೆ. ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗ ಮುಟ್ಟಿದಾಗ ಮೂತಿ ಮೇಲಾಗುತ್ತದೆ. ಗಡಗಡ ಸದ್ದು ತಟ್ಟನೆ ನಿಂತು ನೆಲ ಕಳಚಿಕೊಳ್ಳುತ್ತದೆ. ಹೊಟ್ಟೆಯಲ್ಲಿ ಜಾತ್ರೆಯ ತೊಟ್ಟಿಲು ಇಳಿದಂಥ ಅನುಭವ. ಸ್ವಲ್ಪ ಹೊತ್ತಿಗೆ ಕಾಲಡಿ ದಡ್ ಎಂಬ ಶಬ್ದ. ಅದು ಚಕ್ರಗಳು ಒಳಗೆ ಮಡಿಸಿಕೊಂಡದ್ದು. ಮತ್ತೂ ಸ್ವಲ್ಪ ಹೊತ್ತಿಗೆ ಎಂಜಿನ್ನಿನ ಸದ್ದು ತಗ್ಗುತ್ತದೆ. ಮೊದಲ ಸಲದವರ ಕೈ ಕುರ್ಚಿಯನ್ನು ಬಿಗಿಯಾಗಿ ಹಿಡಿಯುವುದು ಆಗಲೇ, ಎಂಜಿನ್ ನಿಂತೇ ಹೋಯಿತೇನೋ ಎಂದು. ಆದದ್ದು ಇಷ್ಟೆ: ನೆಲ ಬಿಟ್ಟೇಳಲು ಬೇಕಾದಷ್ಟು ಬಲ ಮೇಲೇರುತ್ತಾ ಹೋಗಲು ಬೇಕಿಲ್ಲ, ಪೈಲಟ್ ಅದನ್ನು ಕಡಿಮೆ ಮಾಡಿರುತ್ತಾರೆ. ಘಾಟಿಯ ಏರು ಹತ್ತಿ ಮುಗಿಸಿದ ಡ್ರೈವರ್ ಗೇರು ಬದಲಿಸಿದ ಹಾಗೆ.

ಹವೆ ತಿಳಿಯಾಗಿದ್ದರೆ ಕೆಳಗೆ ನಂದಿಬೆಟ್ಟದ ಸಾಲು, ದ್ರಾಕ್ಷಿ ತೋಟಗಳು, ಕನ್ನಡಿ ಚೂರುಗಳಂತೆ ಹೊಳೆಯುವ ಕೆರೆಗಳು ಕಾಣುತ್ತವೆ. ಕೆರೆಗಳಾಗಿದ್ದ ಜಾಗದ ಮನೆಗಳೂ ಕಾಣುತ್ತವೆ.

ಕಿವಿ ಕಟ್ಟಿಕೊಳ್ಳುವುದು ಈ ಹೊತ್ತಿಗೇ. ದೊಡ್ಡ ವಿಮಾನ ಮೂವತ್ತೈದು ಸಾವಿರ ಅಡಿಯ ಆಸುಪಾಸಿನಲ್ಲಿ ಗಂಟೆಗೆ 800 ಕಿಲೋಮೀಟರಿಗೂ ಮಿಕ್ಕಿ ಓಡುತ್ತದೆ. ಹೊರಗೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿನ ಚಳಿ, ಉಸಿರಾಡಲು ಸಾಲದ ಗಾಳಿ. ಆದ್ದರಿಂದ ಒಳಗೆ ಗಾಳಿ ಒತ್ತಿ ತುಂಬಿರುತ್ತಾರೆ. ಹಾಗೆಂದು ಅದು ನೆಲದ ಗಾಳಿಯಷ್ಟು ದಟ್ಟವಲ್ಲ. ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನದಕ್ಕೆ ಸಮ. ಬೆಂಗಳೂರೇ ಮೂರು ಸಾವಿರ ಅಡಿ ಎತ್ತರದಲ್ಲಿದೆ. ನಮ್ಮ ನಾಡಿನ ಅತಿ ಎತ್ತರದ ಮುಳ್ಳಯ್ಯನಗಿರಿ 6,300 ಅಡಿಗೆ ಸ್ವಲ್ಪ ಹೆಚ್ಚು. ಅಂದರೆ ವಿಮಾನದಲ್ಲಿ ಕುಳಿತವರು ಉಸಿರಾಡುವುದು ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ಗಾಳಿಯನ್ನು. ಏರುವಾಗ, ಅದಕ್ಕಿಂತ ಹೆಚ್ಚಾಗಿ ಇಳಿಯುವಾಗ, ಪೆಪ್ಪರಮೆಂಟು ಚೀಪುವುದು, ಎಂಜಲು ನುಂಗುವುದು, ಆಕಳಿಸುವುದು ಕಿವಿಗೆ ಹಿತ. ಮೂಗು ಹಿಡಿದು ಬಾಯಿ ಮುಚ್ಚಿ ಮೆಲ್ಲಗೆ ಉಸಿರು ಒತ್ತಿದರೂ ಕಿವಿ ಬಿಡುತ್ತದೆ. ಜೋರು ಶೀತವಿದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಹೊರಡಬೇಕು.

ಮಳೆಗಾಲದ ಮೋಡದಲ್ಲಿ ವಿಮಾನ ಕುಲುಕುತ್ತದೆ. ಹಳ್ಳಗುಂಡಿಯ ರಸ್ತೆಯಲ್ಲಿ ಬಸ್ಸು ಕುಲುಕಿದರೆ ಯಾರೂ ರಾಮ ರಾಮ ಎನ್ನುವುದಿಲ್ಲ, ಇಲ್ಲಿ ಅನ್ನುತ್ತಾರೆ. ಕಿಟಕಿಯಾಚೆ ರೆಕ್ಕೆಯ ತುದಿ ಅಲ್ಲಾಡುವುದನ್ನು ನೋಡಿದರಂತೂ ಮುಗಿದೇ ಹೋಯಿತು. ರೆಕ್ಕೆ ಬಾಗುವಂತೆಯೇ ಕಟ್ಟಿರುತ್ತಾರೆ, ಬಾಗದಿದ್ದರೆ ಮುರಿದೀತು. ಹಾರಾಟದಲ್ಲಿ ಬೀಳಬಹುದಾದ ಗರಿಷ್ಠ ಭಾರದ ಒಂದೂವರೆ ಪಟ್ಟನ್ನು ತಾಳಬೇಕೆಂಬುದು ವಿಮಾನಕ್ಕೆ ಒಪ್ಪಿಗೆ ಸಿಗುವ ನಿಯಮ. ಬೆಲ್ಟು ಕಟ್ಟಿ ಕುಳಿತವರಿಗೆ ಕುಲುಕಾಟದಿಂದ ಅಪಾಯ ಬಹಳ ಕಡಿಮೆ. ಆ ಹೊತ್ತಿನಲ್ಲಿ ಎದ್ದು ಓಡಾಡಿದರೆ ಪೆಟ್ಟು ಬೀಳುತ್ತದೆ.

ಅಗ್ಗದ ವಿಮಾನದಲ್ಲಿ ಊಟಕ್ಕೆ ದುಡ್ಡು ಕೊಡಬೇಕು. ಕುಡಿಯುವ ನೀರು ಕೇಳಿದರೆ ಕೊಡುತ್ತಾರೆ. ಡಬ್ಬಿಯಲ್ಲಿ ತಂದ ಚಪಾತಿ, ಚಿತ್ರಾನ್ನ ತಿನ್ನಲು ಯಾರ ಅಪ್ಪಣೆಯೂ ಬೇಡ. ಶೌಚಾಲಯದ ಬಾಗಿಲಿಗೆ ಅಗುಳಿ ಹಾಕಿದ ಮೇಲೆಯೇ ಪೂರ್ತಿ ದೀಪ ಬೆಳಗುತ್ತದೆ. ಅಲ್ಲಿ ನೀರು ಸುರಿಯುವುದಿಲ್ಲ, ಗಾಳಿಯೇ ದೊಡ್ಡ ಸದ್ದಿನೊಂದಿಗೆ ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಗೊತ್ತಿಲ್ಲದವರು ಬೆಚ್ಚಿಬೀಳುವುದು ಸಹಜ. ಕಡಲಾಚೆಯ ದೀರ್ಘ ಪ್ರಯಾಣದಲ್ಲಿ ಕಾಲು ಬಾವು ಬರದಂತೆ ಆಗಾಗ ಎದ್ದು ಓಡಾಡಬೇಕು, ನೀರು ಕುಡಿಯಬೇಕು. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾಯಿಸಿಕೊಂಡು ಬೆಂಗಳೂರಿಗೆ ತಂದಿಳಿಸಿದ ಏರ್ ಇಂಡಿಯಾ ವಿಮಾನ ಸುಮಾರು 17 ಗಂಟೆ ಗಾಳಿಯಲ್ಲಿತ್ತು.

ಇಳಿದ ಮೇಲೆ

ಇಳಿಯುವಾಗ ಮತ್ತೆ ಸದ್ದುಗಳ ಸರದಿ. ರೆಕ್ಕೆಯ ಹಿಂಬದಿ ಚಾಚಿಕೊಳ್ಳುವ ಗುಯ್ ಎಂಬ ಸದ್ದು, ಚಕ್ರ ಕೆಳಗಿಳಿಯುವ ಸದ್ದು, ನೆಲ ಮುಟ್ಟಿದಾಗಿನ ಧಡ್, ಆಮೇಲೆ ವೇಗ ತಗ್ಗಿಸಲು ಎಂಜಿನ್ನು ಮಾಡುವ ಆರ್ಭಟ. ಎಲ್ಲವೂ ಹಾಗೇ ಆಗಬೇಕಾದವು. ವಿಮಾನ ನಿಲ್ಲುವ ಮೊದಲೇ ಅರ್ಧ ಜನ ಎದ್ದು ಮೇಲಿನ ಖಾನೆಗೆ ಕೈ ಹಾಕುತ್ತಾರೆ. ಮೆಜೆಸ್ಟಿಕ್ಕಿನ ಗುಣ ಅಷ್ಟು ಬೇಗ ಬಿಡುವುದೆ? ಹೊಸಬರು ಕುಳಿತೇ ಇದ್ದರೆ ನಷ್ಟವೇನಿಲ್ಲ, ಸಾಮಾನು ಹೇಗೂ ತಡವಾಗಿಯೇ ಬರುತ್ತದೆ. ಸುತ್ತುವ ಪಟ್ಟಿಯ ಮೇಲೆ ಎಲ್ಲರ ಪೆಟ್ಟಿಗೆಯೂ ಕಪ್ಪು. ಹಿಡಿಗೆ ಒಂದು ಹಳದಿ ಬಟ್ಟೆಯ ಚೂರು ಕಟ್ಟಿದ್ದರೆ ದೂರದಿಂದಲೇ ಗುರುತು ಸಿಗುತ್ತದೆ.

ಹೋಗಿ ಬಂದ ಮೇಲೆ ಬೋರ್ಡಿಂಗ್ ಪಾಸಿನ ತುಂಡನ್ನು ಎಸೆಯುವವರು ಕಡಿಮೆ. ಅದು ಪಂಚಾಂಗದೊಳಗೋ, ಪಾಸ್‌ಬುಕ್ಕಿನ ನಡುವೆಯೋ ಸೇರುತ್ತದೆ. ವಿಮಾನ ಕಾರ್ಖಾನೆಯಿಂದ ನಿವೃತ್ತರಾದವರ ಮನೆಯಲ್ಲಿ ಆ ತುಂಡಿಗೆ ಬೆಲೆ ಇನ್ನೂ ಹೆಚ್ಚು. ಬಾಳೆಲ್ಲ ಅದಕ್ಕೆಂದೇ ದುಡಿದು, ಅದರೊಳಗೆ ಕೂತು ನೋಡಿದ್ದು ಒಂದೇ ಸಲ. ಮಾರನೆಯ ದಿನ ಪಾರ್ಕಿನ ಬೆಂಚಿನ ಮೇಲೆ, ದೇವಸ್ಥಾನದ ಜಗಲಿಯ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಮುಂದಿನ ತಿಂಗಳು ಹೊರಡಬೇಕಾದವರು ಯಾರಾದರೂ ಅಲ್ಲಿ ಇದ್ದೇ ಇರುತ್ತಾರೆ. ಹೋಗಿ ಬಂದವರು ಗಂಟಲು ಸರಿಮಾಡಿಕೊಂಡು, ಹತ್ತಾರು ಸಲ ಹಾರಿದವರ ಗತ್ತಿನಲ್ಲಿ ಹೇಳುತ್ತಾರೆ: 'ಏನಿಲ್ಲ ರಾಯರೇ, ಕಿವಿ ಒಂದಿಷ್ಟು ನೋಯುತ್ತೆ, ಒಂದು ಪೆಪ್ಪರಮೆಂಟು ಇಟ್ಕೊಳ್ಳಿ. ಕೊಬ್ಬರಿ ಮಾತ್ರ ತಗೊಂಡು ಹೋಗ್ಬೇಡಿ.'